20 ಗೌಜಲಕ್ಕಿ, 52 ದಿನ: ಬಿಳಿ ಹಕ್ಕಿ ಕೊನೆಗೂ ಬಾಯಿ ಬಿಟ್ಟಿತು

22ನೇ ದಿನ

ಇವತ್ತು ಮೊದಲ ಸಲ ಗಂಡು ಹೆಣ್ಣು ಲೆಕ್ಕಕ್ಕೆ ಕೂತೆ. ಒಂದು ದಿನದ ಮರಿಗಳಾಗಿ ಬಂದ ಇಪ್ಪತ್ತಕ್ಕೆ ಇಪ್ಪತ್ತೂ ಉಳಿದಿವೆ, ಅದೇ ದೊಡ್ಡ ಖುಷಿ. 17 ಕಂದು, 3 ಬಿಳಿ. ಆವರಗೆರೆ ಕಡೆ ಹೊಲದ ಬದುವಿನಲ್ಲಿ ಹಿಡಿದು ತಂದಿದ್ದಾ ಅಂತ ಓಣಿಯವರು ಕೇಳುತ್ತಾರೆ. ಅಲ್ಲ. ಆ ಕಾಡು ಹಕ್ಕಿಗಳನ್ನು ಹಿಡಿಯುವ ಹಾಗಿಲ್ಲ. ಇವು 1974ರಲ್ಲಿ ನಮ್ಮ ದೇಶಕ್ಕೆ ತಂದ ಜಪಾನಿ ಸಾಕು ತಳಿ.

ಕಂದು ಮರಿಗಳಲ್ಲಿ ಎದೆ ನೋಡಬೇಕು. ಗಂಡಿನ ಎದೆ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗುತ್ತದೆ, ಚುಕ್ಕೆ ಇರುವುದಿಲ್ಲ. ಹೆಣ್ಣಿನ ಎದೆ ತಿಳಿ ಬಣ್ಣ, ಮೇಲೆಲ್ಲ ಕಪ್ಪು ಚುಕ್ಕೆ. ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಕರಿ ಎಳ್ಳು ಹಚ್ಚಿದ ಹಾಗೆ. 7 ಗಂಡು, 9 ಹೆಣ್ಣು ಸಿಕ್ಕವು. ಒಂದು ಮಾತ್ರ ಅನುಮಾನ. ಚುಕ್ಕೆಯೂ ಇದೆ, ನಡುವೆ ಎರಡು ಮೂರು ಕೆಂಪು ಗರಿಯೂ ಇಣುಕುತ್ತಿವೆ. ಮರಿಗರಿ ಎಲ್ಲಕ್ಕೂ ಚುಕ್ಕೆಯದೇ ಅಲ್ವಾ, ಹಾಗಾಗಿ ತಡವಾಗಿ ಗರಿ ಬದಲಿಸುವ ಗಂಡು ಹೆಣ್ಣಿನ ಹಾಗೇ ಕಾಣುತ್ತದೆ.

30ನೇ ದಿನ

ಅನುಮಾನದ ಹಕ್ಕಿ ಗಂಡು. ಎದೆ ಪೂರ್ತಿ ಕೆಂಪಾಯಿತು.

36ನೇ ದಿನ

ಬಿಳಿಯವು ಮೂರೂ ಒಂದೇ ಥರ. ಬಣ್ಣ ನೋಡಿ ಹೇಳಲು ಏನೂ ಇಲ್ಲ. ಹಾಗಾಗಿ ನೊರೆ ಪರೀಕ್ಷೆ. ಹಕ್ಕಿಯನ್ನು ಅಂಗೈಯಲ್ಲಿ ಹೊಟ್ಟೆ ಮೇಲಾಗಿ ಹಿಡಿದು, ಬಾಲ ಹಿಂದಕ್ಕೆ ಬಗ್ಗಿಸಿ, ಹಿಕ್ಕೆ ಹಾಕುವ ಜಾಗಕ್ಕೂ ಬಾಲಕ್ಕೂ ನಡುವಿನ ಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಬಲಿತ ಗಂಡಿಗೆ ಅಲ್ಲಿ ಕೆಂಪಗೆ ಉಬ್ಬಿದ ಗ್ರಂಥಿ ಇರುತ್ತದೆ. ಒತ್ತಿದರೆ ಬಿಳಿ ನೊರೆ ಬರುತ್ತದೆ, ಮೊಸರು ಕಡೆದಾಗ ಕಡಗೋಲಿಗೆ ಹತ್ತುವ ನೊರೆಯ ಹಾಗೆ. ಜೋರಾಗಿ ಒತ್ತಬೇಡಿ, ಪಾಪ ಅವು ತುಂಬ ಸಣ್ಣ ಜೀವ.

ಒಂದು ಬಿಳಿ ಹಕ್ಕಿಗೆ ನೊರೆ ಬಂತು. ಅದಕ್ಕೆ ಹಸಿರು ಕೇಬಲ್ ಟೈ ಸಡಿಲವಾಗಿ ಕಾಲಿಗೆ ಹಾಕಿದೆ. ಉಳಿದೆರಡಕ್ಕೆ ಬರಲಿಲ್ಲ. ಹೆಣ್ಣು ಅಂತ ಕೆಂಪು ಹಾಕಿದೆ.

43ನೇ ದಿನ

ಬೆಳಗಿನ ಜಾವ ಐದಕ್ಕೆ ಕೂಗು. ಕ್ವಾ, ಕ್ವಾ, ಕ್ರ್ರ್ರ್. ಟಾರ್ಚ್ ಹಿಡಿದು ಹೋದರೆ ಕತ್ತು ಚಾಚಿ ನಿಂತಿದ್ದು ಕೆಂಪು ಟೈ ಹಾಕಿದ ಬಿಳಿ ಹಕ್ಕಿ! ಹೆಣ್ಣು ಹೀಗೆ ಕೂಗುವುದಿಲ್ಲ, ಅದರದು ಜೀರುಂಡೆಯ ಹಾಗೆ ಸಣ್ಣ ದನಿ. ಎತ್ತಿಕೊಂಡು ಮತ್ತೆ ಒತ್ತಿದೆ. ಈ ಸಲ ಹೆಬ್ಬೆರಳಿನ ತುಂಬ ನೊರೆ.

ಎಲ್ಲಿ ತಪ್ಪಿತು ಅಂತ ದಿನವಿಡೀ ಯೋಚಿಸಿದೆ. ಬೆಳಕಿನ ಅವಧಿ ಜಾಸ್ತಿ ಇದ್ದರೆ ಆ ಗ್ರಂಥಿ ಬೆಳೆಯುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಡಿಸೆಂಬರ್‌ನಲ್ಲಿ ದಾವಣಗೆರೆಯಲ್ಲಿ ಹಗಲು ಹನ್ನೊಂದು ಚಿಲ್ಲರೆ ಗಂಟೆ. ರಾತ್ರಿ ಹತ್ತರವರೆಗೆ ಬಲ್ಬ್ ಹಾಕುತ್ತೇನೆ, ಆದರೆ ಬಿಳಿಯವುಗಳ ಪಂಜರ ಮೂಲೆಯಲ್ಲಿತ್ತು. ಅದಕ್ಕೇ ತಡವಾಯಿತು ಅನಿಸುತ್ತದೆ. ನೊರೆ ಬಂದರೆ ಗಂಡು, ಖಚಿತ. ಬರದಿದ್ದರೆ ಹೆಣ್ಣು ಅಂತ ಬರೆದುಕೊಳ್ಳಬಾರದು, ಸುಮ್ನೆ ಒಂದು ವಾರ ಕಾಯಬೇಕು. ನಾನು ಆತುರ ಮಾಡಿದೆ.

ಅಪ್ಪನದು ಬೇರೆ ವಾದ. "ದಪ್ಪಗಿರೋದು ಹುಂಜ ಕಣೋ, ಅಷ್ಟೂ ಗೊತ್ತಾಗಲ್ವಾ?" ನಾಟಿ ಕೋಳಿ ಸಾಕಿದ ಕಣ್ಣು ಅದು. ಅಡುಗೆಮನೆ ತಕ್ಕಡಿಯಲ್ಲಿ ತೂಗಿ ತೋರಿಸಿದೆ. ಕಂದು ಗಂಡು 155 ಗ್ರಾಂ, ಕಂದು ಹೆಣ್ಣು 185. ಗೌಜಲಕ್ಕಿಯಲ್ಲಿ ಹೆಣ್ಣೇ ದೊಡ್ಡದು. ಅಪ್ಪ ಎರಡು ಸಲ ತೂಗಿಸಿದರು.

52ನೇ ದಿನ

ಅಂತಿಮ ಲೆಕ್ಕ: 10 ಗಂಡು, 10 ಹೆಣ್ಣು. ಮೊಟ್ಟೆಗೆ ಸಾಕುವವರಿಗೆ ಇದು ಒಳ್ಳೆಯ ಸುದ್ದಿಯಲ್ಲ. ಒಂದು ಗಂಡಿಗೆ ಮೂರ್ನಾಲ್ಕು ಹೆಣ್ಣು ಬೇಕು. ಗಂಡು ಹೆಚ್ಚಾದರೆ ತಮ್ಮತಮ್ಮಲ್ಲೇ ತಲೆ ಕುಕ್ಕಿಕೊಳ್ಳುತ್ತವೆ, ಹೆಣ್ಣುಗಳ ಕತ್ತಿನ ಗರಿ ಕೀಳುತ್ತವೆ. ಎರಡು ಹೆಣ್ಣುಗಳ ಕತ್ತು ಆಗಲೇ ಬೋಳಾಗಿತ್ತು. ನೋಡಿ ಸಂಕಟವಾಯಿತು. ಶಾಂತ ಸ್ವಭಾವದ ಮೂರು ಗಂಡು ಇಟ್ಟುಕೊಂಡೆ, ಅದರಲ್ಲಿ ಆ ಕೂಗಿದ ಬಿಳಿಯದೂ ಒಂದು. ಉಳಿದ ಏಳನ್ನು ಬೇರೆ ಪಂಜರಕ್ಕೆ ಹಾಕಿದ್ದೇನೆ. ನಾಲ್ಕು ಗೆಳೆಯನ ಮನೆಗೆ ಹೋಗುತ್ತವೆ, ಮೂರು ಭಾನುವಾರದ ಸಾರಿಗೆ.

ಮೊದಲ ಮೊಟ್ಟೆ 45ನೇ ದಿನ ಬಂತು. ಇವು ಇಡುವುದು ಹೆಚ್ಚಾಗಿ ಸಂಜೆ ಹೊತ್ತು, ಹಾಗಾಗಿ ಕೆಲಸದಿಂದ ಬಂದವನೇ ಭತ್ತದ ಹೊಟ್ಟಿನಲ್ಲಿ ಕೈಯಾಡಿಸುತ್ತೇನೆ. ಇವತ್ತು 8 ಸಿಕ್ಕವು. ಒಂದೊಂದೂ ಹತ್ತು ಹನ್ನೊಂದು ಗ್ರಾಂ. ಬೋಳು ಕತ್ತಿನ ಹೆಣ್ಣುಗಳಲ್ಲಿ ಒಂದಕ್ಕೆ ಹೊಸ ಗರಿಯ ಮೊಳಕೆ ಕಾಣುತ್ತಿದೆ.