ಬಿರುಕಿಗೆ ಕಾರಣ ಬರೆಯುವ ಮೊದಲು ಅಳತೆ ಬರೆಯಿರಿ

ನಮ್ಮಲ್ಲಿ ಸರ್ವೆಯರ್ ಅಂದರೆ ಹೊಲದ ಹದ್ದುಬಸ್ತಿಗೆ ಬರುವವರು. ಕಟ್ಟಡದ ಸರ್ವೆ ಬೇರೆಯೇ ಕೆಲಸ: ಕಟ್ಟಿ ಮುಗಿದ ಮನೆಯೋ ಅಪಾರ್ಟ್‌ಮೆಂಟೋ ಎಲ್ಲಿ ಹಾಳಾಗಿದೆ, ಯಾಕೆ, ರಿಪೇರಿಗೆ ಎಷ್ಟು ಅವಸರ ಎಂದು ನೋಡಿ ಬರೆದುಕೊಡುವುದು. ಬ್ರಿಟನ್ನಿನಲ್ಲಿ 1868ರಲ್ಲಿ ಹುಟ್ಟಿದ, ಸರ್ವೆಯರುಗಳ ವೃತ್ತಿಸಂಘವಾದ ಆರ್‌ಐಸಿಎಸ್ ಸಂಸ್ಥೆ ಇದನ್ನು ಪ್ರತ್ಯೇಕ ವೃತ್ತಿಯಾಗಿಯೇ ಗುರುತಿಸುತ್ತದೆ. ಇಲ್ಲಿ ಸಿವಿಲ್ ಡಿಪ್ಲೊಮಾ, ಬಿಇ ಓದಿದವರು ‘ಕಂಡಿಷನ್ ಸರ್ವೆ’, ‘ಸ್ಟ್ರಕ್ಚರಲ್ ಆಡಿಟ್’ ಎಂಬ ಹೆಸರಲ್ಲಿ ಇದೇ ಕೆಲಸಕ್ಕೆ ಇಳಿಯುತ್ತಾರೆ.

ಹೊಸಬರು ಮಾಡುವ ಮೊದಲ ತಪ್ಪು, ಬಾಗಿಲು ದಾಟಿದ ಕೂಡಲೇ ಉಪಕರಣ ಹೊರತೆಗೆಯುವುದು. ಮೊದಲು ಹೊರಗಿನಿಂದ ಕಟ್ಟಡವನ್ನು ಒಂದು ಸುತ್ತು ಹಾಕಿ, ಆಮೇಲೆ ತಾರಸಿಗೆ ಹತ್ತಿ, ಅಲ್ಲಿಂದ ಒಂದೊಂದೇ ಮಹಡಿ ಇಳಿದು ಬನ್ನಿ. ನೀರು ಇಳಿಯುವ ದಾರಿಯೂ ಅದೇ.

ಬಿರುಕಿನ ದಿಕ್ಕೇ ಅರ್ಧ ಉತ್ತರ. ಮೇಲಿನ ಮಹಡಿಯಲ್ಲಿ ಮಾತ್ರ, ತಾರಸಿಯ ಕೆಳಗೆ ಗೋಡೆಗುಂಟ ಅಡ್ಡಗೆರೆ ಇದ್ದರೆ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿದ್ದನ್ನು ಮೊದಲು ಶಂಕಿಸಬೇಕು. ಕಿಟಕಿ ಮೂಲೆಯಿಂದ ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಹೋಗಿದ್ದರೆ ಪಾಯದ ಕಡೆ ನೋಡಿ. ಕಂಬದ ಉದ್ದಕ್ಕೂ ನೇರ ಸೀಳು, ಜೊತೆಗೆ ಕಂದು ಕಲೆ ಕಂಡರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ.

ಇನ್ನು ಟಾರ್ಚ್ ಹಿಡಿದು ಬಿರುಕಿನೊಳಗೆ ನೋಡಿ. ಒಳಗೆ ಬಣ್ಣ ಇಳಿದಿದ್ದರೆ ಕಳೆದ ಸಲ ಪೇಂಟ್ ಹೊಡೆಯುವ ಮೊದಲೇ ಅದು ಬಿಟ್ಟಿತ್ತು. ಅಂಚು ಚೂಪಾಗಿ, ದೂಳಿಲ್ಲದೆ ಇದ್ದರೆ ಇತ್ತೀಚಿನದು. ಬೇರೆಬೇರೆ ದಪ್ಪದ ಗೆರೆ ಅಚ್ಚಾದ ಕ್ರ್ಯಾಕ್ ಗೇಜ್ ಕಾರ್ಡನ್ನು ಬಿರುಕಿನ ಪಕ್ಕ ಹಿಡಿದು ಮೂರು ಕಡೆ ಅಗಲ ಅಳೆಯಿರಿ, ಬಿರುಕು ಮುಗಿಯುವಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಬಿರುಕಿನ ಅಗಲಕ್ಕೆ ಹಾಕಿದ 0.3 ಮಿ.ಮೀ. ಮಿತಿ ಕಂಬಿ ಹಾಕಿದ ಕಾಂಕ್ರೀಟಿಗೆ, ಅಂದರೆ ಆರ್‌ಸಿಸಿಗೆ, ಅದನ್ನು ಪ್ಲಾಸ್ಟರಿನ ಕೂದಲು ಬಿರುಕಿಗೆ ಅನ್ವಯಿಸಿ ಮನೆಯವರನ್ನು ಹೆದರಿಸಬಾರದು.

ಧಾರವಾಡ, ಗದಗ ಕಡೆಯ ಎರೆ ನೆಲದಲ್ಲಿ ಒಂದೇ ಭೇಟಿಯ ಅಳತೆಗೆ ಬೆಲೆಯಿಲ್ಲ. ಬೇಸಿಗೆಯಲ್ಲಿ ನೆಲ ಒಣಗಿ ಕುಗ್ಗಿದಾಗ ಬಾಯಿಬಿಟ್ಟ ಬಿರುಕು, ಮಳೆಗೆ ನೆಲ ಉಬ್ಬಿದಾಗ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲೇ ಗಟ್ಟಿ ಸಿಮೆಂಟ್ ತುಂಬಿಸಿದರೆ ಮಳೆಗಾಲದಲ್ಲಿ ಅದಕ್ಕೆ ಮುಚ್ಚಿಕೊಳ್ಳಲು ಜಾಗ ಉಳಿಯದೆ ಪಕ್ಕದಲ್ಲಿ ಇನ್ನೊಂದು ಬಿಡುತ್ತದೆ. ಕನಿಷ್ಠ ಒಂದು ಒಣ ಋತು, ಒಂದು ಮಳೆಗಾಲದ ಅಳತೆ ಬೇಕು.

ರಿಬೌಂಡ್ ಹ್ಯಾಮರ್‌ ಬಗ್ಗೆ ಒಂದು ಮಾತು. ಮೇಲ್ಮೈಗೆ ಹೊಡೆದಾಗ ಎಷ್ಟು ಪುಟಿಯುತ್ತದೆ ಎಂಬುದರಿಂದ ಕಾಂಕ್ರೀಟಿನ ಬಲ ಅಂದಾಜಿಸುವ ಉಪಕರಣ ಅದು. ಪ್ಲಾಸ್ಟರ್ ಮೇಲೆ ಹೊಡೆದ ರೀಡಿಂಗ್ ಕಸ. ಪ್ಲಾಸ್ಟರ್ ಕಿತ್ತು, ಕಾಂಕ್ರೀಟನ್ನು ಕಲ್ಲಿನಿಂದ ಉಜ್ಜಿ, ಅಂಚಿನಿಂದ ಕನಿಷ್ಠ 20 ಮಿ.ಮೀ. ಬಿಟ್ಟು, ಒಂದೊಂದು ಜಾಗದಲ್ಲಿ ಆರು ಸಲ ಹೊಡೆದು, ತೀರಾ ಬೇರೆಯಾದದ್ದನ್ನು ಬಿಟ್ಟು ಸರಾಸರಿ ತೆಗೆಯಬೇಕು. ಹಾಗೆ ಮಾಡಿದರೂ ಬಲದ ಅಂದಾಜಿನಲ್ಲಿ 25 ಶೇಕಡಾ ಹೆಚ್ಚುಕಮ್ಮಿ ಇದ್ದೇ ಇದೆ. ಹಳೇ ಕಟ್ಟಡದಲ್ಲಿ ಇನ್ನೊಂದು ಮೋಸ: ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಮೇಲ್ಮೈ ಗಟ್ಟಿಯಾಗಿರುತ್ತದೆ, ನಂಬರ್ ಚೆನ್ನಾಗಿಯೇ ಬರುತ್ತದೆ, ಆದರೆ ಕಂಬಿಯನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟಿನ ಕ್ಷಾರ ಒಳಗೆ ಹೋಗಿರುತ್ತದೆ. ಹಾಗಾಗಿ ಹೊಸದಾಗಿ ಒಡೆದ ಜಾಗಕ್ಕೆ ಕ್ಷಾರ ತಾಗಿದರೆ ಬಣ್ಣ ಬದಲಿಸುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ. ಗುಲಾಬಿ ಬಂದಲ್ಲಿ ಕ್ಷಾರ ಉಳಿದಿದೆ, ಬಣ್ಣ ಬಾರದಲ್ಲಿ ಹೋಗಿದೆ. ಕಂಬಿಯ ಮೇಲಿನ ಕವರ್, ಅಂದರೆ ಅದನ್ನು ಮುಚ್ಚಿದ ಕಾಂಕ್ರೀಟಿನ ದಪ್ಪ, 20 ಮಿ.ಮೀ. ಇದ್ದು ಮೇಲ್ಮೈಯಿಂದ 18 ಮಿ.ಮೀ. ಆಳದವರೆಗೂ ಬಣ್ಣ ಬರದಿದ್ದರೆ ಹ್ಯಾಮರ್ ಏನೇ ಹೇಳಲಿ, ರಿಪೇರಿ ಪಟ್ಟಿಯಲ್ಲಿ ಆ ಕಂಬ ಮೇಲೆ ಬರಬೇಕು.

ವರದಿಯಲ್ಲಿ ಕಂಡದ್ದು ಒಂದು ಕಾಲಂ, ಊಹೆ ಇನ್ನೊಂದು. ಫಾಲ್ಸ್ ಸೀಲಿಂಗ್ ಮೇಲೆ, ವಾರ್ಡ್‌ರೋಬ್ ಹಿಂದೆ ನೋಡಲಾಗಲಿಲ್ಲ ಎಂಬುದನ್ನೂ ಬರೆಯಿರಿ. ಕಣ್ಣಳತೆಯ ಸರ್ವೆ ಮೇಲೆ ‘ಕಟ್ಟಡ ಸುರಕ್ಷಿತ’ ಎಂದು ಸಹಿ ಹಾಕಲು ಯಾರು ಒತ್ತಾಯಿಸಿದರೂ ಹಾಕಬೇಡಿ.

ಮೊದಲ ಕೆಲಸ ಹುಡುಕುವಾಗ ವರದಿ ಮಾತ್ರ ಬರೆಯುವ ಕಚೇರಿಗಿಂತ ರಿಪೇರಿ ಕಂಟ್ರಾಕ್ಟರ್ ಹತ್ತಿರ ಒಂದು ವರ್ಷ ಇರುವುದು ಮೇಲು, ಸಂಬಳ ಕಡಿಮೆಯಾದರೂ. ಹೊರಗಿನಿಂದ ಕೂದಲೆಳೆಯಷ್ಟು ಕಂಡ ಸೀಳನ್ನು ಮೇಸ್ತ್ರಿ ಉಳಿಯಿಂದ ಬಿಡಿಸಿದಾಗ ಒಳಗಿನ ಕಂಬಿ ಎಷ್ಟು ಸವೆದಿದೆ ಎಂದು ಕ್ಯಾಲಿಪರ್ ಹಿಡಿದು ಅಳೆಯುವ ಅವಕಾಶ ಅಲ್ಲಿ ಮಾತ್ರ ದಿನಾ ಸಿಗುತ್ತದೆ.