ಕುಸುಬಿ ಹೂವಿಗೂ ಒಂದು ಗೋಡೆ

ಹೂವು ಅಂದಕೂಡಲೇ ನನಗೆ ನೆನಪಾಗುವುದು ಔಷಧದ ಡಬ್ಬಿ. ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟುಕೊಂಡವನ ಹಣೆಬರಹವೇ ಅದು. ತೊಗರಿ ಹೂಬಿಟ್ಟಿತು ಅಂದರೆ ಕಾಯಿಕೊರಕ ಬರುವ ಹೊತ್ತಾಯಿತು, ಕುಸುಬಿ ಮೊಗ್ಗು ಕಟ್ಟಿತು ಅಂದರೆ ಹೇನು ಹತ್ತಿರಬಹುದು, ಕಡಲಿ ಹೂವಿನಲ್ಲಿರುವಾಗ ಮೋಡ ಕವಿದರೆ ಸಂಜೆಯೊಳಗೆ ಅಂಗಡಿ ಮುಂದೆ ನಾಲ್ಕು ಬೈಕು ನಿಂತಿರುತ್ತವೆ. ಹೂವನ್ನು ಹೂವು ಅಂತಲೇ ನೋಡುವ ಪುರಸೊತ್ತು ಈ ಧಂದೆಯಲ್ಲಿ ಇಲ್ಲ. ದೇವರ ಹೂವಿನ ಲೆಕ್ಕ ಮನೆಯಾಕೆಯದು. ಶಾವಂತಿಗಿ ಮಾಲೆಯ ರೇಟು ಏರಿತು, ಇಳಿಯಿತು ಅನ್ನುವುದಷ್ಟೇ ನನ್ನ ಕಿವಿಗೆ ಬೀಳುತ್ತದೆ.

ಇಂಥವನನ್ನು ಚಿತ್ರಪ್ರದರ್ಶನಕ್ಕೆ ಕರೆದವಳು ನಮ್ಮ ಓಣಿಯ ಹುಡುಗಿ. ಚಿತ್ರಕಲೆ ಕಲಿತಿದ್ದಾಳೆ, ಸಾಲೆಯೊಂದರಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಾಳೆ. ಎಂಟು ಮಂದಿ ಕೂಡಿ, ಹೂವು ಮತ್ತು ನಿಸರ್ಗ ಅಂತ ವಿಷಯ ಇಟ್ಟುಕೊಂಡು, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ವಿಜಯಪುರ ತುಂಬಿ ತುಳುಕುವಾಗಲೇ ಸಣ್ಣದೊಂದು ಸಭಾಭವನ ಹಿಡಿದಿದ್ದರು. “ಕಾಕಾ, ನೀವು ಬರಾಕಬೇಕು. ನಿಮ್ಮ ಹೆಸರು ಹೇಳಿನ ನಾ ಎಸಳು ತಂದೀನಿ,” ಅಂದಳು. ಅದು ಖರೆ. ಹೋದ ಹಂಗಾಮಿನಲ್ಲಿ ಅಂಗಡಿಗೆ ಬಂದು ಕುಸುಬಿ ಎಸಳು ಎಲ್ಲಿ ಸಿಗುತ್ತವೆ ಅಂತ ಕೇಳಿದ್ದಳು. ಕುಸುಬಿ ಬೀಜ ಕೇಳುವವರನ್ನು ಕಂಡಿದ್ದೇನೆ, ಗಾಣದ ಎಣ್ಣೆ ಕೇಳುವವರನ್ನು ಕಂಡಿದ್ದೇನೆ. ಎಸಳು ಕೇಳಿದವಳು ಇವಳೊಬ್ಬಳೇ. ಬಬಲೇಶ್ವರದ ಕಡೆಯ ನಮ್ಮ ಗಿರಾಕಿಯೊಬ್ಬರ ಹೊಲದ ಹಾದಿ ತೋರಿಸಿ ಕಳಿಸಿದ್ದೆ.

ಒಳಗೆ ಕಾಲಿಟ್ಟರೆ ಬಾಗಿಲಲ್ಲೇ ಗುಲಾಬಿ. ಅದರ ಪಕ್ಕ ಲಿಲ್ಲಿ, ಮುಂದೆ ಟ್ಯೂಲಿಪ್ ಹೂವಿನ ಹೊಲ, ಕೆಂಪು ಹಳದಿ ಪಟ್ಟಿಗಳು ಬೆಟ್ಟದ ತನಕ. ಕೈ ಚೊಕ್ಕವಾಗಿದೆ, ಅನುಮಾನವಿಲ್ಲ. ಗುಲಾಬಿಯ ಎಸಳಿನ ಮೇಲೆ ಇಬ್ಬನಿ ಹನಿ ನೋಡಿದರೆ ಒರೆಸಿಬಿಡೋಣ ಅನ್ನಿಸುವಷ್ಟು ಚೊಕ್ಕ. ಆದರೂ ಮುಂದೆ ನಿಂತು ಮಾತಾಡಲು ಏನೂ ಹೊಳೆಯಲಿಲ್ಲ. ಇಂಥ ಗುಲಾಬಿಯನ್ನು ಮೊಬೈಲಿನ ಗುಡ್ ಮಾರ್ನಿಂಗ್ ಮೆಸೇಜಿನಲ್ಲಿ ದಿನಾ ಬೆಳಿಗ್ಗೆ ನೋಡುತ್ತೇವೆ. ಬರೆದವನೂ ಅದನ್ನೇ ನೋಡಿ ಬರೆದಿದ್ದ, ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದ.

ಜಗಳ ಶುರುವಾದದ್ದು ಸೂರ್ಯಕಾಂತಿಯ ಹತ್ತಿರ. ದೊಡ್ಡ ಕ್ಯಾನ್ವಾಸು. ಸಾಲುಸಾಲು ಹೂವು ನಮ್ಮ ಕಡೆ ಮುಖ ಮಾಡಿ ನಿಂತಿವೆ, ಹಿಂದುಗಡೆ ಸೂರ್ಯ ಮುಳುಗುತ್ತಿದ್ದಾನೆ. ಪ್ಯಾಂಟು ಶರ್ಟು ಇಸ್ತ್ರಿ ಹಾಕಿಕೊಂಡು ಬಂದಿದ್ದ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, “ಇದು ತಪ್ಪು ನೋಡ್ರಿ. ಸೂರ್ಯ ಹಿಂದ ಅದಾನ, ಹೂ ಈ ಕಡೆ ನೋಡ್ಯಾವ. ಸೂರ್ಯಕಾಂತಿ ಸೂರ್ಯನ್ ಕಡೆ ನೋಡಬೇಕಲ್ಲ?” ಅಂದರು. ಬರೆದ ಹೆಣ್ಣುಮಗಳು ಪಾಪ ಏನೂ ಅನ್ನದೆ ನಿಂತಳು. ನನಗೆ ಬಾಯಿ ತಡೆಯಲಿಲ್ಲ. ಎಳೆ ಗಿಡ ಇರುವಾಗ, ಮೊಗ್ಗಿನಲ್ಲಿರುವಾಗ ತಿರುಗುವುದು ನಿಜ: ಬೆಳಿಗ್ಗೆ ಮೂಡಲಕ್ಕೆ, ಸಂಜೆಗೆ ಪಡುವಲಕ್ಕೆ, ರಾತ್ರಿ ಮತ್ತೆ ಮೂಡಲಕ್ಕೆ. ಹೂವು ಪೂರ್ತಿ ಅರಳಿ ದಂಟು ಬಲಿತ ಮೇಲೆ ಆ ಓಡಾಟ ಮುಗಿಯಿತು. ಆಮೇಲೆ ಬಹುತೇಕ ಹೂವುಗಳ ಮುಖ ಮೂಡಲಕ್ಕೇ. ಬೆಳಗಿನ ಬಿಸಿಲಿಗೆ ಬೇಗ ಕಾಯ್ದ ಹೂವಿಗೆ ಜೇನು ಹೆಚ್ಚು ಬರುತ್ತವೆ. ಸಂಜೆ ಹೊಲದ ಮೂಡಲ ಬದುವಿನ ಮೇಲೆ ನಿಂತವನಿಗೆ ಕಾಣುವುದು ಥೇಟ್ ಈ ಚಿತ್ರವೇ. ಇಷ್ಟು ಹೇಳುವುದರೊಳಗೆ ಸುತ್ತ ಐದಾರು ಮಂದಿ ನೆರೆದಿದ್ದರು. “ನೀ ಎಲ್ಲಿ ನಿಂತು ತಗದಿವಾ?” ಅಂತ ಕೇಳಿದೆ. “ನಮ್ಮ ಮಾವನ ಹೊಲದಾಗರೀ, ಇಂಡಿ ರೋಡಿಗೆ. ಇದ್ದಂಗ ತಗದೀನಿ, ಉಳಿದದ್ದು ನನಗ ಗೊತ್ತಿಲ್ಲರೀ,” ಅಂದಳು. ಇದ್ದ ಹಾಗೆ ಬರೆದದ್ದಕ್ಕೇ ಚಿತ್ರ ಗೆದ್ದಿತ್ತು. ಒಂದು ಕೊರತೆ ಹೇಳಲೇಬೇಕು: ಕಾಳು ತುಂಬುತ್ತಿದ್ದಂತೆ ಹೂವಿನ ತಲೆ ಬಾಗುತ್ತದೆ. ಅವಳ ಹೊಲದಲ್ಲಿ ಒಂದೂ ತಲೆ ಬಗ್ಗಿರಲಿಲ್ಲ, ಎಲ್ಲ ಫೋಟೋಕ್ಕೆ ನಿಂತ ಮಕ್ಕಳ ಹಾಗೆ ನೆಟ್ಟಗಿದ್ದವು.

ಕಸೂತಿಯ ಒಂದು ಇಳಕಲ್ ಸೀರೆಯನ್ನೂ ಗೋಡೆಗೆ ಹರಡಿದ್ದರು. ಗಂಟು ಹಾಕದೆ, ಪೆನ್ಸಿಲ್ ಗೆರೆ ಎಳೆಯದೆ, ಎಳೆ ಎಣಿಸಿ ಹಾಕಿದ ಕಮಲ. ನಮ್ಮ ಮನೆಯಾಕೆ ಅಲ್ಲೇ ನಿಂತುಬಿಟ್ಟಳು, ಸೆರಗು ಮಗುಚಿ ಹಿಂದುಗಡೆಯೂ ನೋಡಿದಳು. ಮುಟ್ಟಬಾರದು ಎಂಬ ಚೀಟಿ ಅವಳಿಗೆ ಕಾಣಲಿಲ್ಲ.

ಕಾಲೇಜಿನ ಹುಡುಗನೊಬ್ಬ ಗೋಳಗುಮ್ಮಟ ಬರೆದಿದ್ದ. ಊರಲ್ಲಿ ಚಿತ್ರ ಬರೆಯುವ ಎಲ್ಲರೂ ಅದನ್ನೊಮ್ಮೆ ಬರೆದೇ ಬರೆಯುತ್ತಾರೆ, ಹೊಸದೇನು ಅಂತ ದಾಟಿ ಹೋಗುವವನಿದ್ದೆ. ಆದರೆ ಇವನು ಇಡೀ ಕಟ್ಟಡ ಬಿಟ್ಟು ಗುಮ್ಮಟದ ಬುಡ ಮಾತ್ರ ಬರೆದಿದ್ದ. ಅಲ್ಲಿ ಸುತ್ತಲೂ ಕಮಲದ ಎಸಳುಗಳಿವೆ. ಒಳಗೆ ಸುಮಾರು 38 ಮೀಟರ್ ಅಗಲದ ಆ ಗುಮ್ಮಟ ಎಸಳುಗಳ ನಡುವಿನಿಂದ ಎದ್ದ ಮೊಗ್ಗಿನ ಹಾಗೆ ಕೂತಿದೆ. 1656ರಿಂದ ಅದು ಅಲ್ಲೇ ಇದೆ, ನಾನು ಹುಟ್ಟಿದ್ದು ಬೆಳೆದದ್ದು ಇದೇ ಊರಲ್ಲಿ, ನೆಂಟರು ಬಂದಾಗಲೆಲ್ಲ ಮೇಲೆ ಹತ್ತಿ ಕೂಗಿ ಪ್ರತಿಧ್ವನಿ ಕೇಳಿಸಿದವರೇ ನಾವು. ಎಸಳಿನ ಕಡೆ ಕಣ್ಣು ಹೋದದ್ದು ಈ ಹುಡುಗನ ಕಪ್ಪು ಇಂಕಿನ ಚಿತ್ರದಿಂದ. ಹೂವಿನ ಪ್ರದರ್ಶನಕ್ಕೆ ಅಂತ ಕಲ್ಲಿನ ಹೂವು ತಂದಿದ್ದ, ಅದೂ ಬಣ್ಣವಿಲ್ಲದೆ.

ಅವನ ಎದುರು ಗೋಡೆಗೆ ಆಸಾರ ಮಹಲಿನ ಹೂದಾನಿಗಳು. ಮೊಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1646ರ ಹೊತ್ತಿಗೆ, ನ್ಯಾಯ ಕೊಡುವ ಕಟ್ಟಡ ಅಂತ ಎದ್ದದ್ದು ಅದು. ಮೇಲ್ಮಹಡಿಯ ಕೋಣೆಯ ಗೋಡೆಗಳಲ್ಲಿ ಹೂದಾನಿ, ಬಳ್ಳಿ, ಹೂಗೊಂಚಲು ಬರೆದಿದ್ದಾರೆ, ಈಗ ಬಹಳಷ್ಟು ಕೆಟ್ಟಿದೆ. ಪ್ರವಾದಿಯವರ ಪವಿತ್ರ ಕೇಶ ಇಟ್ಟಿರುವ ಸ್ಥಳವಾದ್ದರಿಂದ ಹೆಂಗಸರಿಗೆ ಒಳಗೆ ಪ್ರವೇಶ ಇಲ್ಲ. ಇದನ್ನು ಬರೆದವರು ನಡುವಯಸ್ಸಿನ ಒಬ್ಬ ತಾಯಿ. ಪುಸ್ತಕದ ಫೋಟೋ ನೋಡಿ ಬರೆದರಂತೆ. ನನಗೆ ಹಿಡಿಸಿದ್ದು ಅವರು ಕಳೆದುಹೋದದ್ದನ್ನು ತುಂಬಲು ಹೋಗದಿದ್ದದ್ದು. ಗಾರೆ ಉದುರಿದ ಜಾಗವನ್ನು ಗಾರೆಯ ಬಣ್ಣದಲ್ಲೇ ಬಿಟ್ಟಿದ್ದಾರೆ. ಹೂದಾನಿಯ ಕುತ್ತಿಗೆ ಇದೆ, ಹೊಟ್ಟೆ ಇಲ್ಲ. ಹೂವು ಅರ್ಧ ಇದೆ, ದೇಟು ಎಲ್ಲೋ ಮಾಯ. “ಯಾಕ ಅಕ್ಕಾರ, ಪೂರಾ ಮಾಡಬಹುದಿತ್ತಲ್ಲರೀ?” ಅಂದದ್ದಕ್ಕೆ, “ನಾ ನೋಡಲಾರದ್ದನ್ನ ನಾ ಹೆಂಗ ಪೂರಾ ಮಾಡ್ಲಿರೀ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಮೂಲೆಯಲ್ಲಿ, ಟ್ಯೂಬ್‌ಲೈಟು ಸರಿಯಾಗಿ ಬೀಳದ ಕಡೆ, ಪೋಸ್ಟ್‌ಕಾರ್ಡಿನಷ್ಟು ಸಣ್ಣ ಜಲವರ್ಣದ ಚಿತ್ರಗಳ ಒಂದು ಸಾಲಿತ್ತು. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಬರೆದದ್ದು. ಎಲ್ಲವೂ ಅಗಸಿ ಹೂವು. ಅಗಸಿಯನ್ನು ನಾವು ಚಟ್ನಿಪುಡಿ ಅಂತ ಬಲ್ಲೆವು; ಹೂವು ಅಂತ ಹೊಲದವರಷ್ಟೇ ಬಲ್ಲರು. ತೆಳು ನೀಲಿ, ಐದು ಎಸಳು. ಹೊತ್ತು ಹುಟ್ಟುವಾಗ ಬಿರಿಯುತ್ತದೆ, ಮಧ್ಯಾಹ್ನದೊಳಗೆ ಎಸಳು ಉದುರುತ್ತವೆ, ಮರುದಿನ ಬೇರೆ ಮೊಗ್ಗು ಬಿರಿಯುತ್ತವೆ. ಹಾಗಾಗಿ ಮಧ್ಯಾಹ್ನ ಹೊಲಕ್ಕೆ ಹೋದವನಿಗೆ ಅಲ್ಲಿ ನೀಲಿ ಇತ್ತೆಂದೇ ತಿಳಿಯುವುದಿಲ್ಲ. ಇವರು ಪ್ರತಿ ಚಿತ್ರದ ಕೆಳಗೆ ಹೊತ್ತು ಬರೆದಿದ್ದರು: 7 ಗಂಟೆ, 8 ಗಂಟೆ, 9.30. ಒಂದರಲ್ಲಿ ಒಂದೆಸಳು ಜಾರುತ್ತಿದೆ. ಕೊನೆಯದರಲ್ಲಿ ಎರಿ ಮಣ್ಣಿನ ಬಿರುಕು, ಅದರಲ್ಲಿ ಮುದುಡಿದ ನೀಲಿ ಚೂರುಗಳು, ಕೆಳಗೆ 12.10. ಟೈಮ್‌ಟೇಬಲ್ ನೋಡುತ್ತಲೇ ಕೆಲಸ ಮುಗಿಸಿದ ಮನುಷ್ಯ, ಹೂವಿನದ್ದೂ ಬರೆದಿಟ್ಟಿದ್ದಾರೆ. “ಮೊದಲನೇ ಗಾಡಿಗೆ ಹೋಗ್ತಿದ್ದೆರೀ. ಅದು ತಪ್ಪಿತಂದ್ರ ಆವತ್ತು ಚಿತ್ರ ಇಲ್ಲ,” ಅಂದರು. ನಮ್ಮ ಭಾಗದ ಹೂವು ಬರೆಯಬೇಕಾದರೆ ಅದರ ವೇಳೆ ಗೊತ್ತಿರಬೇಕು. ಗುಲಾಬಿಯ ಚಿತ್ರ ಯಾಕೆ ಸಪ್ಪೆ ಅನ್ನಿಸಿತು ಎಂಬುದು ನನಗೆ ಬಗೆಹರಿದದ್ದು ಈ ಮೂಲೆಯಲ್ಲಿ: ಅದಕ್ಕೆ ಗಂಟೆಯೂ ಇರಲಿಲ್ಲ, ಹೊಲವೂ ಇರಲಿಲ್ಲ.

ಹಾಗೆ ನೋಡಿದರೆ ಜಿಲ್ಲೆಯ ಹೆಸರು ಹೊರಗೆ ಓಡುವುದೇ ದ್ರಾಕ್ಷಿಯಿಂದ, ದ್ರಾಕ್ಷಿ ಹೂವನ್ನು ಒಬ್ಬರೂ ಬರೆದಿರಲಿಲ್ಲ. ಹಸಿರು ಗುಂಡುಪಿನ್ನಿನ ತಲೆಯಷ್ಟು ಹೂವು. ಎಸಳುಗಳು ಬಿಚ್ಚಿಕೊಳ್ಳುವುದೇ ಇಲ್ಲ, ಒಂದಕ್ಕೊಂದು ಅಂಟಿಕೊಂಡೇ ಟೊಪ್ಪಿಗೆಯ ಹಾಗೆ ಕಳಚಿ ಬೀಳುತ್ತವೆ. ಬರೆಯುವುದು ಕಷ್ಟ ಇರಬಹುದು. ಜೋಳದ ಹೂವೂ ಇರಲಿಲ್ಲ. ತೆನೆಯ ತುದಿಯಿಂದ ಶುರುವಾಗಿ ದಿನದಿನಕ್ಕೆ ಕೆಳಗೆ ಇಳಿಯುತ್ತಾ ಬರುವ ಆ ಹೂವನ್ನು ಬಿಳಿಜೋಳದ ನಾಡಿನಲ್ಲೇ ಬರೆಯದಿದ್ದರೆ ಇನ್ನೆಲ್ಲಿ ಬರೆಯುತ್ತಾರೆ? ಇದನ್ನು ಅವರ ಅಭಿಪ್ರಾಯದ ಪುಸ್ತಕದಲ್ಲೂ ಬರೆದು ಬಂದೆ.

ಇನ್ನು ನಮ್ಮ ಓಣಿಯ ಹುಡುಗಿಯದು. ಅವಳು ತಂದದ್ದು ಚಿತ್ರವೇ ಅಲ್ಲ, ಕೌದಿ. ಹಳೆಯ ಬಿಳಿ ಧೋತರದ ತುಂಡುಗಳಿಗೆ ಕುಸುಬಿ ಎಸಳಿನಿಂದಲೇ ಬಣ್ಣ ಹಾಕಿ, ಜೋಡಿಸಿ ಹೊಲಿದು, ಚಳಿಗಾಲದ ಕುಸುಬಿ ಹೊಲ ಮಾಡಿದ್ದಳು. ಒಂದೇ ಹೂವಿನಿಂದ ಹಳದಿಯೂ ಬಂದಿದೆ, ಗುಲಾಬಿಯೂ ಬಂದಿದೆ. ಗಿಡದ ಮೇಲೂ ಅದು ಹಾಗೆಯೇ: ಹಳದಿಯಾಗಿ ಅರಳಿ ದಿನ ಕಳೆದಂತೆ ಕೇಸರಿ, ಕೆಂಪು ತಿರುಗುತ್ತದೆ. ಆದರೆ ಬಟ್ಟೆಗೆ ಅದನ್ನು ಇಳಿಸುವ ಕೆಲಸ ಕೇಳಿ ನಾನು ಅಲ್ಲೇ ಕುರ್ಚಿ ಎಳೆದುಕೊಂಡೆ.

ಒಣಗಿಸಿದ ಎಸಳನ್ನು ಅರಿವೆಯಲ್ಲಿ ಗಂಟು ಕಟ್ಟಿ ತಣ್ಣೀರಿನಲ್ಲಿ ಹಿಂಡುತ್ತಾ ಹೋಗಬೇಕು. ಹಳದಿ ನೀರಿಗೆ ಇಳಿಯುತ್ತದೆ. ಆ ನೀರಿನಲ್ಲಿ ಅದ್ದಿದ ತುಂಡುಗಳೇ ಅವಳ ಹಳದಿ, ಅದು ಅಷ್ಟು ಗಟ್ಟಿ ಬಣ್ಣವಲ್ಲ. ಹಿಂಡಿ ಹಿಂಡಿ ನೀರು ತಿಳಿಯಾದ ಮೇಲೆ ಎಸಳಿನಲ್ಲಿ ಉಳಿಯುವುದು ಕೆಂಪು. ಅದರ ಹೆಸರು ಕಾರ್ಥಮಿನ್. ಅದು ಬರೇ ನೀರಿಗೆ ಜಗ್ಗುವುದಿಲ್ಲ, ಕ್ಷಾರ ಬೇಕು. ಅವಳ ಅಜ್ಜಿ ಒಲೆಯ ಬೂದಿಯನ್ನು ನೀರಿಗೆ ಕಲಸಿ, ಸೋಸಿದ ತಿಳಿನೀರು ಕೊಟ್ಟಿದ್ದಾಳೆ. ಅದರಲ್ಲಿ ನೆನೆದಾಗ ಕಂದುಗೆಂಪು ರಸ ಬಿಡುತ್ತದೆ. ಆ ರಸಕ್ಕೆ ಹತ್ತಿ ಬಟ್ಟೆ ಹಾಕಿ ಲಿಂಬೆಹುಳಿ ಹಿಂಡುತ್ತಾ ಬಂದರೆ ಬಣ್ಣ ಬಟ್ಟೆ ಹಿಡಿಯುತ್ತದೆ, ಕಣ್ಣೆದುರೇ ಗುಲಾಬಿ ಏರುತ್ತದೆ. ಒಲೆಯ ಮೇಲೆ ಇಡುವಂತಿಲ್ಲ, ಬಿಸಿಗೆ ಕೆಂಪು ಕೆಡುತ್ತದೆ. ಲಿಂಬೆಯೂ ನಮ್ಮದೇ, ಜಿಐ ಟ್ಯಾಗ್ ಸಿಕ್ಕ ಇಂಡಿ ಲಿಂಬೆ. ಬಿಸಿಲಿಗೆ ಈ ಕೆಂಪು ಬೇಗ ಮಾಸುತ್ತದೆಂದು ಕೌದಿಯನ್ನು ಕಿಟಕಿಯಿಂದ ದೂರ ತೂಗುಹಾಕಿದ್ದಳು. ಹೊಲಿಗೆ ಹಾಕಿದವಳೂ ಅಜ್ಜಿಯೇ. ಚೀಟಿಯಲ್ಲಿ ಇಬ್ಬರ ಹೆಸರೂ ಇತ್ತು, ಅಜ್ಜಿಯದು ಮೊದಲು.

ಎಸಳು ಕೊಟ್ಟ ರೈತರು, ನಮ್ಮ ಗಿರಾಕಿ ಗೌಡರು, ಆ ವಾರ ದನದ ಜಾತ್ರೆಗೆ ಬಂದಿದ್ದರು. ಅಂಗಡಿಗೆ ಬಂದವರನ್ನು ಹಿಡಿದು ಕರೆದುಕೊಂಡು ಹೋದೆ. ಹೋರಿ ನೋಡುವ ಹಾಗೆ ಕೌದಿಯ ಎರಡೂ ಮಗ್ಗಲು ನೋಡಿ, “ಮುಳ್ಳು ಎಲ್ಲೈತಿವಾ ಇದರಾಗ?” ಅಂದರು. ಹುಡುಗಿ ನಕ್ಕು ಅಂಚು ತೋರಿಸಿದಳು. ಸುತ್ತಲೂ ಹಸಿರು ದಾರದಲ್ಲಿ ಚೂಪು ಚೂಪು ಹೊಲಿಗೆ. ಜೋಳದ ಹೊಲದ ಅಂಚಿಗೆ ಕುಸುಬಿ ಸಾಲು ಬಿಡುವುದು ದನ ಒಳಗೆ ನುಗ್ಗದಿರಲಿ ಅಂತ, ಮುಳ್ಳಿನ ಗಿಡವೇ ಬೇಲಿ. ಅದನ್ನು ಅವರ ಹೊಲದಲ್ಲೇ ಕಂಡು ಬಂದಿದ್ದಳು. ಈಗ ಅದೇ ಮುಳ್ಳಿನ ದೆಸೆಯಿಂದ ಕುಸುಬಿ ಬಿತ್ತುವುದನ್ನೇ ಬಿಟ್ಟವರೂ ಇದ್ದಾರೆ, ಕೊಯ್ಯಲು ಆಳು ಬರುವುದಿಲ್ಲ. ಮುಳ್ಳಿಲ್ಲದ ತಳಿ ಇವೆ, ಆದರೆ ನಮ್ಮಲ್ಲಿ ಕೇಳುವವರು ಕಡಿಮೆ. ಗೌಡರು ಮಾತ್ರ ಎಸಳಿನ ರೇಟಿನ ಮೇಲೆ ಕೂತಿದ್ದರು. ಎಸಳು ಕಿತ್ತರೆ ಕಾಳು ಕಡಿಮೆ ಆಗುತ್ತದಲ್ಲ ಎಂದು ನನ್ನನ್ನು ಕೇಳಿದರು. ಕಾಳು ಕಟ್ಟಿದ ಮೇಲೆ, ಎಸಳು ಕೆಂಪಾಗಿ ಬಾಡುವಾಗ ಕಿತ್ತರೆ ಕಾಳಿಗೆ ಧಕ್ಕೆಯಿಲ್ಲ ಅಂದೆ. “ಹಂಗಾರ ಇದು ಪುಕ್ಕಟೆ ಬಂದದ್ದು,” ಅಂದರು. ಮುಳ್ಳಿನ ನಡುವೆ ಕೈ ಹಾಕಿ ಕಿತ್ತವಳು ಪಕ್ಕದಲ್ಲೇ ನಿಂತಿದ್ದಳು. ಅಂಗೈ ತೋರಿಸಿದಳು, ಮಾತಾಡಲಿಲ್ಲ. ಗೌಡರು ಮಾತು ಬದಲಿಸಿದರು.

ಮಾರಾಟದ ವಿಷಯ ಕೇಳುತ್ತೀರೇನೋ. ಗುಲಾಬಿ ಮೊದಲ ದಿನವೇ ಹೋಯಿತು, ಯಾರದೋ ಹೊಸ ಮನೆಯ ಹಾಲಿಗೆ. ಟ್ಯೂಲಿಪ್ಪಿಗೂ ಗಿರಾಕಿ ಸಿಕ್ಕರು. ಆಸಾರ ಮಹಲಿನ ಹೂದಾನಿ ಹಾಗೇ ವಾಪಸು. ಅಗಸಿಯ ಸಾಲಿನಿಂದ 9.30ರದ್ದನ್ನು ನಾನು ತೆಗೆದುಕೊಂಡೆ. ಸಾಲು ಒಡೆಯಲು ಕಂಡಕ್ಟರ್ ಸಾಹೇಬರಿಗೆ ಮನಸ್ಸಿರಲಿಲ್ಲ, ಬೀಜದ ಅಂಗಡಿಯಲ್ಲಿ ಹಾಕುತ್ತೇನೆಂದ ಮೇಲೆ ಒಪ್ಪಿದರು. ಕೌದಿಯನ್ನು ಮಾರುವುದಿಲ್ಲ ಅಂತ ಅಜ್ಜಿ ಮೊದಲೇ ತಾಕೀತು ಮಾಡಿದ್ದಳು.

ಹೊರಡುವಾಗ ಹುಡುಗಿಗೆ ಒಂದು ಮಾತು ಹೇಳಿದೆ. ಕಡಲಿ ಗಿಡದ ಎಲೆಗೆ ಹುಳಿ ಇರುತ್ತದೆ. ಇಬ್ಬನಿ ಬೀಳುವ ಹೊತ್ತಿನಲ್ಲಿ ಗಿಡದ ಮೇಲೆ ತೆಳು ಅರಿವೆ ಹಾಸಿ, ನಸುಕಿನಲ್ಲಿ ಹಿಂಡಿಕೊಂಡರೆ ಕಡಲಿ ಹುಳಿ. ನಮ್ಮ ಅವ್ವ ಹೊಟ್ಟೆನೋವಿಗೆ ಅಂತ ಬಾಟಲಿಯಲ್ಲಿ ಇಡುತ್ತಿದ್ದಳು. ಲಿಂಬೆ ಬದಲು ಅದನ್ನು ಹಾಕಿದರೆ ಕುಸುಬಿ ಕೆಂಪು ಹೇಗೆ ಬರುತ್ತದೋ ನೋಡಬೇಕಿತ್ತು. ಎರಡೂ ಒಂದೇ ಎರಿ ಭೂಮಿಯ ಹಿಂಗಾರಿ ಬೆಳೆ, ಒಂದೇ ತಿಂಗಳಲ್ಲಿ ಹೊಲದಲ್ಲಿರುತ್ತವೆ. ಅವಳ ಕಣ್ಣು ಅರಳಿತು. ಗೌಡರ ಕಡೆ ತಿರುಗಿ, “ಅಜ್ಜಾರ, ನಿಮ್ಮ ಹೊಲದಾಗ ಕಡಲಿ ಇನ್ನೂ ಹಸರ ಐತೇನ್ರಿ?” ಅಂತ ಕೇಳಿದಳು.

“ಐತಿ. ಆದ್ರ ಐದಕ್ಕ ಬರಬೇಕು, ಚಳಿ ಅನಬಾರದು. ಮತ್ತ ಈ ಸಲ ನಾನೂ ರೇಟ್ ಹಚ್ಚಾಂವ!”

“ಹಚ್ರಿ. ಅಜ್ಜಿನ್ನ ಕರಕೊಂಡ ಬರ್ತೀನಿ, ಆಕಿ ಕೂಡ ಮಾತಾಡ್ರಿ.”