ವಾಗಣಗೇರಾಕ್ಕೆ ಮುಂಜಾನೆ, ಟೇಲರ್ ಮಂಜಿಲ್‌ಗೆ ಸಂಜೆ

ಯಾದಗಿರಿ ಜಿಲ್ಲೆಯ ಸುರಪುರದ ಕಡೆ ಹೊರಟಿದ್ದರೆ ಕಾಲಿಗೆ ಬೂಟು ಇರಲಿ. ನಾನು ಚಪ್ಪಲಿಯಲ್ಲೇ ಅಲ್ಲಿಯ ವಾಗಣಗೇರಾ ಕೋಟೆಯ ಗುಡ್ಡ ಹತ್ತಿ, ಜಾಲಿಮುಳ್ಳು ಚುಚ್ಚಿಸಿಕೊಂಡು ಅರ್ಧ ದಿನ ಕುಂಟಿದೆ.

ನನ್ನ ಮಗನಿಗೆ ವೀರರೆಂದರೆ ಗೆದ್ದವರು ಅಷ್ಟೇ. ಸೋತವರ ಊರನ್ನೂ ಒಮ್ಮೆ ತೋರಿಸೋಣವೆಂದು ಡಿಸೆಂಬರ್‌ನ ಒಂದು ಭಾನುವಾರ ಹೊರಟೆವು. ಕಲಬುರಗಿಯಿಂದ ಜೇವರ್ಗಿ, ಶಹಾಪುರದ ಮೇಲೆ ಬಸ್ಸಿಗೆ ಹೆಚ್ಚುಕಮ್ಮಿ ಮೂರು ತಾಸು. ರೈಲಿಗೆ ಬರುವವರು ಯಾದಗಿರಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು, ಸುರಪುರಕ್ಕೆ ರೈಲಿಲ್ಲ. ಬಸ್ ನಿಲ್ದಾಣದ ಹತ್ತಿರ ಸುಸಲಾ, ಮಿರ್ಚಿ ತಿಂದು, ಹೋಗಿಬರುವ ಬಾಡಿಗೆ ಮೊದಲೇ ಮಾತಾಡಿ ಆಟೋ ಹತ್ತಿದೆವು. ಬರೀ ಹೋಗುವುದಕ್ಕೆ ಮಾತಾಡಿದರೆ ವಾಪಸ್ ಬರುವಾಗ ಪರದಾಡುತ್ತೀರಿ.

ವಾಗಣಗೇರಾ ಮೊದಲ ನೋಟಕ್ಕೆ ನಿರಾಸೆ ಮಾಡುತ್ತದೆ. ಚಿತ್ರದುರ್ಗ ನೋಡಿದ ಕಣ್ಣಿಗೆ ಇದೊಂದು ಗುಡ್ಡವೇ ಅಲ್ಲ. ಆದರೆ 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ಮುತ್ತಿಗೆ ಹಾಕಿದ್ದು ಇಲ್ಲಿಗೇ. ಅವನ ಬದುಕಿನ ಕೊನೆಯ ಮುತ್ತಿಗೆ ಅದು. ಬೇಡರ ದೊರೆ ಪಿಡ್ಡನಾಯಕ ತಿಂಗಳುಗಟ್ಟಲೆ ಮೊಗಲ್ ಸೇನೆಯನ್ನು ತಡೆದ. ಲಾಲ್ ಟಿಕ್ರಿ ಎಂಬ ಕೆಮ್ಮಣ್ಣಿನ ದಿಬ್ಬವನ್ನು ಮೊಗಲರು ಹಿಡಿದರೆ ಬೇಡರು ಮತ್ತೆ ಕಿತ್ತುಕೊಂಡರು. ಇನ್ನು ನಿಲ್ಲುವುದು ಸಾಧ್ಯವಿಲ್ಲ ಅನ್ನಿಸಿದಾಗ ನಾಯಕ ತನ್ನವರೊಂದಿಗೆ ರಾತ್ರಿಯೇ ಜಾರಿಕೊಂಡ. ಮೊಗಲರ ಕೈಗೆ ಸಿಕ್ಕಿದ್ದು ಖಾಲಿ ಕೋಟೆ.

"ಓಡಿ ಹೋದ್ರ ಸೋತಂಗಲ್ಲೇನಪ್ಪಾ?" ಅಂದ ಮಗ.

ನಾನು ಉತ್ತರ ಹುಡುಕುತ್ತಿದ್ದೆ. ಆಡು ಮೇಯಿಸುತ್ತಿದ್ದ ಅಜ್ಜ ಬೀಡಿ ಬಾಯಿಂದ ತೆಗೆದು, "ನಾಯಕರ ಸುರಪುರ ಅಲ್ಲದ ನೋಡಪ್ಪಾ. ಔರಂಗಜೇಬನ ಊರು ಇಲ್ಲಿ ಎಲ್ಲದ, ತೋರಿಸು?" ಅಂದು ಆಡಿನ ಹಿಂದೆ ಹೋದ.

ಆ ಮುತ್ತಿಗೆಯ ಬಳಿಕ ಬಾದಶಹ ಹತ್ತಿರದ ದೇವಾಪುರದಲ್ಲೇ ಬೀಡುಬಿಟ್ಟು ಕಾಯಿಲೆ ಬಿದ್ದ, 1707ರಲ್ಲಿ ಅಹ್ಮದ್‌ನಗರದಲ್ಲಿ ತೀರಿಕೊಂಡ. ನಾಯಕರ ಮನೆತನ ಸುರಪುರದಲ್ಲಿ ಮತ್ತೂ ನೂರೈವತ್ತು ವರ್ಷ ಆಳಿತು.

ಗುಡ್ಡದ ಮೇಲೆ ನೆರಳಿಲ್ಲ, ನೀರಿಲ್ಲ. ತಲೆಗೆ ಎರಡು ಲೀಟರಾದರೂ ಒಯ್ಯಿರಿ, ಹತ್ತು ಗಂಟೆಯೊಳಗೆ ಇಳಿದುಬಿಡಿ. ಮಾರ್ಚ್ ನಂತರವಂತೂ ಈ ಕಡೆ ಬರುವ ಯೋಚನೆಯೇ ಬೇಡ.

ಬಿಸಿಲು ಇಳಿದ ಮೇಲೆ ಟೇಲರ್ ಮಂಜಿಲ್. ಸುರಪುರದ ಎತ್ತರದಲ್ಲಿ ಮೆಡೋಸ್ ಟೇಲರ್ ಕಟ್ಟಿಸಿಕೊಂಡ ಬಂಗಲೆ. ತಂದೆಯನ್ನು ಕಳೆದುಕೊಂಡ ಸುರಪುರದ ಬಾಲಕ ದೊರೆ ವೆಂಕಟಪ್ಪ ನಾಯಕನಿಗೆ ಈ ಇಂಗ್ಲಿಷ್ ಅಧಿಕಾರಿಯೇ ಪೋಷಕ. ಹುಡುಗ ಅವನನ್ನು ಕರೆಯುತ್ತಿದ್ದುದೇ 'ಅಪ್ಪಾ' ಎಂದು. 1853ರಲ್ಲಿ ರಾಜ್ಯ ಹುಡುಗನ ಕೈಗೆ ಬಂತು. 1858ರ ಫೆಬ್ರುವರಿಯಲ್ಲಿ ಆ ಹುಡುಗನೇ ಕಂಪನಿಯ ಮೇಲೆ ತಿರುಗಿಬಿದ್ದ. ಕಾಳಗದಲ್ಲಿ ಕಂಪನಿ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೂ ಸುರಪುರ ಬಿತ್ತು. ಹೈದರಾಬಾದಿನಲ್ಲಿ ಸೆರೆಸಿಕ್ಕ ದೊರೆಯನ್ನು ಚೆಂಗಲ್ಪಟ್ಟು ಕೋಟೆಗೆ ಒಯ್ಯುವಾಗ ದಾರಿಯಲ್ಲೇ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡ ಎಂದು ಟೇಲರ್ ಬರೆದ. ಕೊಂದರು ಎನ್ನುತ್ತಾರೆ ಇಲ್ಲಿಯವರು.

ವೆಂಕಟಪ್ಪನ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಒಂಟಿಯಾದದ್ದೇ ಮುಳುವಾಯಿತು ಅಂತ ನನಗನ್ನಿಸುತ್ತದೆ. ನರಗುಂದದ ದೊರೆ ಬಾಬಾಸಾಹೇಬ ಕಂಪನಿಯ ವಿರುದ್ಧ ಎದ್ದದ್ದು ಅದೇ ವರ್ಷ ಮೇ ಕೊನೆಗೆ, ಇಲ್ಲಿ ಎಲ್ಲ ಮುಗಿದ ಮೇಲೆ. ಮಗ ಇದನ್ನು ಒಪ್ಪಲಿಲ್ಲ. "ಎಲ್ಲಾರೂ ಕೂಡಿ ಬರ್ತಾರಂತ ಕುಂತ್ರ ಮೊದಲು ಎದ್ದು ನಿಲ್ಲೋರು ಯಾರು?" ಅಂದ. ಜೇವರ್ಗಿ ದಾಟುವವರೆಗೂ ಬಸ್ಸಿನಲ್ಲಿ ಇದೇ ಜಗಳ.

ಒಂದು ದಿನ ಹೆಚ್ಚಿಗೆ ಇದ್ದರೆ ಬೋನಾಳ ಕೆರೆಯ ಹಕ್ಕಿಗಳನ್ನೂ ತಿಂಥಣಿ ಮೌನೇಶ್ವರನನ್ನೂ ನೋಡಿಕೊಂಡು ಬನ್ನಿ. ಸಂಜೆ ವಾಪಸ್ ಬಸ್ಸಿನ ಸಮಯ ಮಾತ್ರ ಮುಂಜಾನೆ ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ನಾವು ಕೇಳಿರಲಿಲ್ಲ, ಶಹಾಪುರದಲ್ಲಿ ಇಳಿದು, ಒಂದೂವರೆ ತಾಸು ಕಾದು, ನಿಂತುಕೊಂಡೇ ಕಲಬುರಗಿ ಮುಟ್ಟಿದೆವು.